ಲೂಪಸ್ ಕಿಡ್ನಿ ಉರಿಯೂತ: ಬಯಾಲಾಜಿಕ್ ಡ್ರಿಪ್‌ಗೆ ಮಂಗಳೂರಿಗೆ ಹೊರಡುವ ಮುನ್ನ

ಲೂಪಸ್ ಎಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಆ ಶಕ್ತಿಯ ಒಂದು ಭಾಗವನ್ನೇ ಗುರಿಯಿಟ್ಟು ತಡೆಯುವ, ಜೀವಕೋಶಗಳಲ್ಲಿ ತಯಾರಾದ ಮದ್ದು ಬಯಾಲಾಜಿಕ್. ಅದು ಶುರುವಾದರೆ ಹಳೆಯ ಮಾತ್ರೆ ಬಿಡಬಹುದು ಎಂದುಕೊಂಡವರು ಬಹಳ ಮಂದಿ. ಬಿಡುವಂತಿಲ್ಲ. ಹಳೆಯ ಮಾತ್ರೆಗಳಾದ ಮೈಕೊಫಿನೊಲೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆಗೇ ಇದನ್ನು ಸೇರಿಸುವುದು. ಸ್ಟೀರಾಯ್ಡನ್ನು ಮಾತ್ರ ವೈದ್ಯರು ಮೆಲ್ಲಗೆ ಇಳಿಸುತ್ತಾ ಬರುತ್ತಾರೆ.

ಬಯಾಲಾಜಿಕ್‌ಗಳಲ್ಲಿ ಒಂದಾದ ಬೆಲಿಮುಮ್ಯಾಬ್ ಡ್ರಿಪ್ಪಿನ ಲೆಕ್ಕ ತೂಕದ ಕಿಲೋಗೆ 10 ಮಿ.ಗ್ರಾಂ. ತೂಕ 55 ಇದ್ದರೆ 550. ಒಂದು ಗಂಟೆಯ ಕೆಲಸ. ಮೊದಲ ಮೂರು ಡೋಸ್ ಎರಡೆರಡು ವಾರದ ಅಂತರದಲ್ಲಿ, ಆಮೇಲೆ ನಾಲ್ಕು ವಾರಕ್ಕೊಮ್ಮೆ. ಇನ್ನೊಂದು ಬಯಾಲಾಜಿಕ್ ಆದ ರಿಟುಕ್ಸಿಮ್ಯಾಬ್, ಲೂಪಸ್ ಕಿಡ್ನಿ ರೋಗಿಗಳ ಮೇಲೆ ನಡೆದ ಲೂನಾರ್ ಎಂಬ ಪ್ರಯೋಗದಲ್ಲಿ ಗುರಿ ಮುಟ್ಟಲಿಲ್ಲ. ಆದರೂ ಬೇರೆ ಮದ್ದಿಗೆ ಬಗ್ಗದ ಕಾಯಿಲೆಗೆ ಕೊಡುತ್ತಾರೆ: ಸಾಮಾನ್ಯವಾಗಿ 1000 ಮಿ.ಗ್ರಾಂ, 15ನೇ ದಿನ ಮತ್ತೆ 1000. ಮೂರನೆಯ ಮದ್ದು ಒಬಿನುಟುಜುಮ್ಯಾಬ್‌ಗೆ ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿದೆ.

ಎಡವುವುದು ಹೆಚ್ಚಾಗಿ ಡ್ರಿಪ್ಪಿಗೆ ಮೊದಲಿನ ಪರೀಕ್ಷೆಗಳಲ್ಲಿ. ಹೆಪಟೈಟಿಸ್ ಬಿಗೆ ಈಗಿನ ಸೋಂಕು ತೋರಿಸುವ ಸರ್ಫೇಸ್ ಆಂಟಿಜೆನ್ ಒಂದನ್ನೇ ಮಾಡಿಸಿ ಬಂದರೆ ಸಾಲದು, ಹಳೆಯ ಸೋಂಕನ್ನೂ ತೋರಿಸುವ ಕೋರ್ ಆಂಟಿಬಾಡಿಯೂ ಬೇಕು. ಹಿಂದೆಂದೋ ಬಂದು ಹೋದ ವೈರಸ್ ಯಕೃತ್ತಿನಲ್ಲಿ ಅಡಗಿರುತ್ತದೆ, ರಿಟುಕ್ಸಿಮ್ಯಾಬ್ ಬಿದ್ದ ಮೇಲೆ ತಲೆಯೆತ್ತುತ್ತದೆ. ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ, ಇಮ್ಯುನೊಗ್ಲೋಬ್ಯುಲಿನ್ (ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಪ್ರೋಟೀನ್) ಮಟ್ಟ ಇವೂ ಸೇರಲಿ. ನ್ಯುಮೋನಿಯಾ ಲಸಿಕೆ ಸಾಧ್ಯವಾದರೆ ನಾಲ್ಕು ವಾರ ಮೊದಲೇ ಆಗಲಿ, ಆಮೇಲೆ ಹಾಕಿಸಿದರೆ ಸರಿಯಾಗಿ ನಾಟುವುದಿಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಾದರೆ ಅದನ್ನೂ ವೈದ್ಯರಿಗೆ ಹೇಳಿ. ಒದ್ದೆ ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಸೇರುವ ಸ್ಟ್ರಾಂಜಿಲಾಯ್ಡಿಸ್ ಹುಳ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಸ್ಟೀರಾಯ್ಡ್ ಹೆಚ್ಚಿದಾಗ ಮೈಯೆಲ್ಲ ಹರಡಬಲ್ಲದು. ಕೇಳದೆ ಯಾರೂ ಹುಡುಕುವುದಿಲ್ಲ.

ಕೇರಳದ ವಿಮೆ ಕಾರ್ಡ್ ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ವಯಲ್ (ಮದ್ದಿನ ಸೀಸೆ) ನೀವೇ ಒಯ್ಯುವುದಾದರೆ 2ರಿಂದ 8 ಡಿಗ್ರಿ ಇರಲಿ. ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದ ಮದ್ದು ಕೆಟ್ಟಂತೆಯೇ.

ಡ್ರಿಪ್ಪಿನ ದಿನದ ಬಿಪಿ ಮಾತ್ರೆ ನುಂಗಬೇಕೇ ಎಂದು ಹಿಂದಿನ ದಿನವೇ ಕೇಳಿ. ರಿಟುಕ್ಸಿಮ್ಯಾಬ್ ಹರಿಯುವಾಗ ರಕ್ತದೊತ್ತಡ ಇಳಿಯಬಹುದು. ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ಮದ್ದು, 100 ಮಿ.ಗ್ರಾಂ ಸ್ಟೀರಾಯ್ಡ್ ಮಿಥೈಲ್‌ಪ್ರೆಡ್ನಿಸಲೋನ್ ಕೊಡುತ್ತಾರೆ. ಮೊದಲ ಸಲ ಗಂಟೆಗೆ 50 ಮಿ.ಗ್ರಾಂನಿಂದ ಆರಂಭಿಸಿ ಅರ್ಧ ಗಂಟೆಗೊಮ್ಮೆ 50 ಏರಿಸುತ್ತಾರೆ, ಹಾಗಾಗಿ ನಾಲ್ಕು ಗಂಟೆಗೂ ಮೀರುತ್ತದೆ. ಗಂಟಲು ಕೆರೆದರೆ, ಚಳಿ ನಡುಕ ಬಂದರೆ, ಎದೆ ಬಿಗಿದರೆ ತಕ್ಷಣ ನರ್ಸನ್ನು ಕರೆಯಿರಿ. ಗಡಿಯ ತಲಪಾಡಿ ದಾಟುವ ಬಸ್ಸು ತಪ್ಪೀತು ಎಂದು ಸುಮ್ಮನೆ ಮಲಗಿರುವವರೂ ಇದ್ದಾರೆ, ಅದು ಅಪಾಯ. ನರ್ಸ್ ಡ್ರಿಪ್ ನಿಲ್ಲಿಸಿ, ಲಕ್ಷಣ ಇಳಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಮುಗಿಸಬಹುದು.

ಮನೆಗೆ ಬಂದ ಮೇಲೆ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ವೈದ್ಯರಿಗೆ ತಿಳಿಸಿ, ಮುಂದಿನ ಡೋಸ್ ಮುಂದೂಡಬೇಕಾಗಬಹುದು. ಮಳೆಗಾಲದಲ್ಲಿ ಇಲಿಜ್ವರದ ಕಾಟ ಇರುವುದರಿಂದ ಕಾಲಿನ ಗಾಯ ಮುಚ್ಚದೆ ತೋಟದ ನೀರಿಗೆ ಇಳಿಯಬೇಡಿ. ಬೆಲಿಮುಮ್ಯಾಬ್ ಪಡೆಯುವವರಲ್ಲಿ ಮಂಕು, ನಿದ್ದೆಗೇಡು ಕಂಡರೆ ಮನೆಯವರು ಉಪೇಕ್ಷಿಸಬಾರದು. ಮೈಕೊಫಿನೊಲೇಟ್ ಇರುವಷ್ಟು ಕಾಲ ಗರ್ಭ ನಿಲ್ಲಬಾರದು.

ಫಲ ತಿಳಿಯುವುದು ಕಾಲಿನ ಬಾವು ನೋಡಿ ಅಲ್ಲ, ಕಿಡ್ನಿಯಿಂದ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂದು ತೋರಿಸುವ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತದಿಂದ. ಬೆಳಗಿನ ಮೊದಲ ಮೂತ್ರ, ಪ್ರತಿ ಸಲವೂ ಒಂದೇ ಲ್ಯಾಬ್. ಮೂರು ತಿಂಗಳಲ್ಲಿ ಕಾಲು ಭಾಗ, ಆರು ತಿಂಗಳಲ್ಲಿ ಅರ್ಧ ಇಳಿಯಬೇಕು. ಇಳಿಯದಿದ್ದರೆ ಮದ್ದು ಬದಲಿಸುವ ಮೊದಲು ವೈದ್ಯರು ಕೇಳುವುದು ಒಂದೇ: ಮಾತ್ರೆ ಎಷ್ಟು ದಿನ ತಪ್ಪಿದೆ? ಸರಿಯಾದ ಲೆಕ್ಕ ಕೊಡಿ.