ಐತಿಹಾಸಿಕ ಮಕ್ಕಳ ಕಾದಂಬರಿಯಲ್ಲಿ ಕಟ್ಟಳೆ ಮೀರುವ ಹುಡುಗಿ: ಪಾತ್ರ ಕಟ್ಟುವ ಬಗೆ

ಮೊದಲು ಇಸವಿ ಮತ್ತು ಊರು ಗೊತ್ತುಮಾಡಿಕೊಳ್ಳಿ. ‘ಒಂದಾನೊಂದು ಕಾಲದಲ್ಲಿ’ ಎಂದರೆ ಇಲ್ಲಿ ನಡೆಯದು. ಆ ಇಸವಿಯಲ್ಲಿ, ಆ ಊರಿನ ಹನ್ನೊಂದು ವರ್ಷದ ಹುಡುಗಿ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತಿದ್ದಳೆಂದು ಹೊತ್ತುಹೊತ್ತಿಗೆ ಬರೆದಿಡಿ: ನೀರು ತರುವುದು, ಕೂಸನ್ನು ಎತ್ತಿಕೊಳ್ಳುವುದು, ಹೊಲಿಗೆ. ಅವಳು ಒಬ್ಬಳೇ ಇರುವ ಅರ್ಧ ಗಂಟೆ ಎಲ್ಲಿದೆ ಎಂಬುದು ಆಗ ಕಾಣುತ್ತದೆ. ಕಥೆಗೆ ಜಾಗ ಅಲ್ಲೇ.

ಆಮೇಲೆ ಅವಳಿಗೆ ಒಂದು ಬಯಕೆ ಕೊಡಿ, ಕೈಯಲ್ಲಿ ಹಿಡಿಯಬಹುದಾದಂಥದ್ದು. ‘ನನಗೆ ಸಮಾನತೆ ಬೇಕು’ ಎಂದು ಅವಳ ಬಾಯಲ್ಲಿ ಹೇಳಿಸಿದ ಕೂಡಲೇ ಪಾತ್ರ ಇಂದಿನದಾಗಿಬಿಡುತ್ತದೆ. ಅಣ್ಣನ ಪುಸ್ತಕ ತನಗೂ ಬೇಕು ಎಂದರೆ ಸಾಕು. ಮುಂದೆ ಗಣಿತಜ್ಞೆಯಾದ ಪ್ಯಾರಿಸ್ಸಿನ ಸೋಫಿ ಜರ್ಮೇನ್ 1789ರಲ್ಲಿ, ತನ್ನ 13ನೇ ವಯಸ್ಸಿನಲ್ಲಿ, ಗಣಿತದ ಹಿಂದೆ ಬಿದ್ದಳು. ರಾತ್ರಿ ಓದದಿರಲೆಂದು ಹೆತ್ತವರು ಬೆಂಕಿ, ಬೆಚ್ಚನೆ ಬಟ್ಟೆ, ಮೇಣದಬತ್ತಿ ಎಲ್ಲವನ್ನೂ ತೆಗೆದಿಡುತ್ತಿದ್ದರಂತೆ. ಅವಳು ಬಚ್ಚಿಟ್ಟ ಬತ್ತಿ ಹಚ್ಚಿ, ಹೊದಿಕೆ ಸುತ್ತಿಕೊಂಡು ಓದುತ್ತಿದ್ದಳಂತೆ. ಹತ್ತೊಂಬತ್ತನೇ ಶತಮಾನದ ಬಂಗಾಳದ ಗೃಹಿಣಿ ರಾಸಸುಂದರಿ ದೇವಿ ಗ್ರಂಥವೊಂದರ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಅಡಗಿಸಿಟ್ಟು, ಮಗ ತಾಳೆಗರಿಯಲ್ಲಿ ಬರೆದ ಅಕ್ಷರಗಳ ಜೊತೆ ಹೋಲಿಸಿ ಓದು ಕಲಿತರು. ಒಂದು ಬತ್ತಿ, ಒಂದು ಹಾಳೆ! ನಿಮ್ಮ ಹುಡುಗಿಯ ಹಟಕ್ಕೂ ಇಷ್ಟು ಗಟ್ಟಿಯಾದ ವಸ್ತು ಬೇಕು.

ಅವಳನ್ನು ತಡೆಯುವುದು ಕಾನೂನೇ, ರೂಢಿಯೇ, ಅಮ್ಮನ ಭಯವೇ ಎಂದು ಬೇರ್ಪಡಿಸಿ. ಕಾನೂನಿನ ಕಣ್ಣು ತಪ್ಪಿಸಬಹುದು, ರೂಢಿಯಲ್ಲಿ ಸಂದು ಹುಡುಕಬಹುದು. ಅಮ್ಮನ ಭಯವನ್ನು ಮಾತ್ರ ಅರ್ಥಮಾಡಿಕೊಳ್ಳಲೇಬೇಕು. ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ಈ ಅಮ್ಮನಲ್ಲಿ. ಮಗಳಿಗೆ ಮದುವೆಯಾಗದಿದ್ದರೆ, ಊರು ಆಡಿಕೊಂಡರೆ ಮುಂದೆ ಅವಳನ್ನು ಸಾಕುವವರಾರು ಎಂಬ ಲೆಕ್ಕ ಅವಳದು. ಆ ಲೆಕ್ಕ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಅವಳನ್ನು ಬರೀ ಗದರುವ ಹೆಂಗಸಾಗಿ ಬರೆದರೆ ಹುಡುಗಿಯ ಗೆಲುವೂ ಅಗ್ಗವಾಗುತ್ತದೆ. ಅಮ್ಮನ ಮಾತು ನಿಜವೆನಿಸುವ ಒಂದು ದೃಶ್ಯವಾದರೂ ಇರಲಿ.

ಮನೆಗೆಲಸವನ್ನು ಹೀಗಳೆಯಬೇಡಿ. ಸೂಜಿ ಬಲ್ಲ ಹುಡುಗಿ ಹಡಗಿನ ಹರಿದ ಹಾಯಿ ಹೊಲಿಯಬಲ್ಲಳು. ಕಲಿತ ಕೆಲಸವೇ ಅವಳಿಗೆ ದಾರಿಯಾಗಲಿ. ಉಳಿದ ಹುಡುಗಿಯರೆಲ್ಲ ಪೆದ್ದಿಯರು, ಇವಳೊಬ್ಬಳೇ ಜಾಣೆ ಎಂಬ ಜೋಡಣೆಯೂ ಬೇಡ. ಕಟ್ಟಳೆಯನ್ನು ಒಪ್ಪಿಕೊಂಡು ಖುಷಿಯಾಗಿರುವ ಗೆಳತಿಯೊಬ್ಬಳು ಜೊತೆಗಿದ್ದರೆ ವಾದ ತಾನಾಗಿ ಹುಟ್ಟುತ್ತದೆ.

ಗಂಡುವೇಷ ಹಾಕಿಸುವುದಾದರೆ ಸ್ನಾನ, ಮಲಗುವ ಜಾಗ, ದನಿ, ಮುಟ್ಟು ಇವಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳಿ. ಕೂದಲು ಕತ್ತರಿಸಿದ ಮಾತ್ರಕ್ಕೆ ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ ಎಂದರೆ ಮಕ್ಕಳೂ ನಂಬುವುದಿಲ್ಲ.

ಪ್ರತಿ ಹೆಜ್ಜೆಗೂ ಬೆಲೆ ತೆರಲಿ: ಪೆಟ್ಟು, ಮುರಿದುಬಿದ್ದ ಮದುವೆ ನಿಶ್ಚಯ, ತಂಗಿಯ ಮೇಲೆ ಬಿದ್ದ ಹೆಚ್ಚಿನ ಕೆಲಸ. ಕೊನೆಗೆ ಊರೇ ಬದಲಾಗಬೇಕಿಲ್ಲ. ಒಬ್ಬ ದೊಡ್ಡವರು ಕಂಡೂ ಕಾಣದಂತೆ ಸುಮ್ಮನಾದರೆ ಅದೇ ದೊಡ್ಡದು.

ಕಾಲದ ವಿವರಣೆ ಒಂದು ಕಡೆ ಎರಡು ವಾಕ್ಯ ದಾಟದಿರಲಿ. ಯಾವುದು ನಡೆದದ್ದು, ಯಾವುದು ಕಲ್ಪನೆ ಎಂಬುದನ್ನು ಪುಸ್ತಕದ ಕೊನೆಯಲ್ಲಿ ಒಂದು ಪುಟದ ಟಿಪ್ಪಣಿಯಾಗಿ ಕೊಡಿ. ಪಾತ್ರಗಳ ಸಂಭಾಷಣೆಯೊಳಗೆ ತುರುಕಬೇಡಿ.