ಆಟೋದಲ್ಲಿ ಬಂದ ಹೂಳು

"ತಳ ಕಲಕ್ಬೇಡಿ ಸಾರ್, ಮೀನೆಲ್ಲ ಬಾಯ್ ಬಿಟ್ಕೊಂಡು ಮೇಲ್ ಬರ್ತವೆ" ಅಂತ ತೆಪ್ಪ ನಡೆಸುತ್ತಿದ್ದವರು ಮೊದಲ ದಿನವೇ ಹೇಳಿದ್ದರು. ನಾನು ತಲೆಯಾಡಿಸಿ ಸುಮ್ಮನಾದೆ. ಅದರ ಅರ್ಥ ತಿಳಿದದ್ದು ಆಮೇಲೆ.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗಿನಿಂದ ಈ ಪ್ರಶ್ನೆ ತಲೆಯಲ್ಲಿತ್ತು: ನೀರಿನ ಆಮ್ಲಜನಕದಲ್ಲಿ ತಳದ ಹೂಳು ಎಷ್ಟು ತಿನ್ನುತ್ತದೆ? ಸಮುದ್ರದ ತಳವನ್ನು ಅಧ್ಯಯನ ಮಾಡುವವರು ಇದನ್ನು ಅಳೆಯಲು ತಳದ ಮೇಲೆ ಡಬ್ಬವೊಂದನ್ನು ಬೋರಲು ಹಾಕಿ, ಒಳಗೆ ಸಿಕ್ಕಿದ ನೀರಿನಲ್ಲಿ ಆಮ್ಲಜನಕ ಇಳಿಯುವುದನ್ನು ನೋಡುತ್ತಾರೆ. ಬೆಂಗಳೂರಿಗೆ ಸಮುದ್ರ ಎಲ್ಲಿಂದ ತರೋಣ? ಯಲಹಂಕದ ಕಡೆಯ ಕೆರೆಯೊಂದರ ತಳಕ್ಕೆ ಅಕ್ರಿಲಿಕ್ ಕೊಳವೆ ಒತ್ತಿ, ಹೂಳನ್ನೂ ಅದರ ಮೇಲಿನ ನೀರನ್ನೂ ಒಟ್ಟಿಗೆ ಎತ್ತಿದೆ. ಆಟೋದವರು ತಿರುಗಿ ನೋಡಿ, "ಕೆಸರಿಗೂ ಬಾಡಿಗೆ ಕೊಡ್ತೀರಾ?" ಅಂದರು. ಹಂಪ್ ಬಂದಾಗೆಲ್ಲ ಕೊಳವೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಎತ್ತಿ ಹಿಡಿದಿದ್ದೆ.

ಎಸ್.ಪಿ. ರಸ್ತೆಯಲ್ಲಿ ಕೊಂಡ ಪುಟ್ಟ ಮೋಟಾರಿಗೆ ಅಯಸ್ಕಾಂತ ಅಂಟಿಸಿ, ನೀರು ತಿರುಗಿಸುವ ವ್ಯವಸ್ಥೆ ಮಾಡಿದೆ. ಮೊದಲ ಸಲ ವೇಗ ಜಾಸ್ತಿಯಾಯಿತು. ಹೂಳೆದ್ದು ನೀರು ಮಸಿಯಾಯಿತು, ಅರ್ಧ ಗಂಟೆಯಲ್ಲಿ ಆಮ್ಲಜನಕ ಪಾತಾಳ ಕಂಡಿತು. ನಮ್ಮ ಕೆರೆಗಳ ಹೂಳಿನೊಳಕ್ಕೆ ಆಮ್ಲಜನಕ ಹೋಗುವುದು ಮೇಲಿನ ಕೆಲವೇ ಮಿಲಿಮೀಟರ್. ಅದರ ಕೆಳಗಿನದೆಲ್ಲ ಕೊಳೆತ ಮೊಟ್ಟೆ ವಾಸನೆಯ ಕಪ್ಪು ಸಲ್ಫೈಡ್, ನೀರಿಗೆ ಬಿದ್ದ ತಕ್ಷಣ ಆಮ್ಲಜನಕವನ್ನು ಕಬಳಿಸುತ್ತದೆ. ತೆಪ್ಪದವರು ಹೇಳಿದ್ದು ಇದನ್ನೇ.

ಹಾಗಂತ ತಿರುಗಿಸದೆಯೂ ಇರುವಂತಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ ರೀಡಿಂಗ್ ಅಲ್ಲಾಡಲಿಲ್ಲ. ಕರೆಂಟ್ ಬಂದು ಮೋಟಾರ್ ತಿರುಗಿದ ಕೂಡಲೇ ಒಮ್ಮೆಗೇ ಕುಸಿಯಿತು. ಹೂಳು ತಿನ್ನುವುದನ್ನೇನೂ ನಿಲ್ಲಿಸಿರಲಿಲ್ಲ. ನೀರು ನಿಂತಿದ್ದರಿಂದ ಮೇಲಿದ್ದ, ಆಮ್ಲಜನಕ ಅಳೆಯುವ ಪ್ರೋಬ್‌ಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಕಷ್ಟ ಇರುವುದು ಪ್ರೋಬ್‌ನಲ್ಲಲ್ಲ, ಹೂಳೇಳದ ಹಾಗೆ, ನೀರೂ ನಿಲ್ಲದ ಹಾಗೆ ತಿರುಗಿಸುವುದರಲ್ಲಿ. ವೇಗ ಬದಲಾದರೆ ಉತ್ತರವೂ ಬದಲಾಗುತ್ತದೆ. ಅದಕ್ಕೇ ವೇಗ ಬರೆದಿಡದ ಅಂಕಿಯನ್ನು ನಾನು ನಂಬುವುದಿಲ್ಲ, ಅದು ನನ್ನದೇ ಆದರೂ.

ಇನ್ನೊಂದು ಎಡವಟ್ಟು ಪೂರ್ತಿ ನನ್ನದು. ಮೀಟರ್ ಸಮುದ್ರಮಟ್ಟದ ಗಾಳಿಯೊತ್ತಡಕ್ಕೆ ಹೊಂದಿಸಿಕೊಂಡೇ ಇತ್ತು. ನಾವಿರುವುದು 900 ಮೀಟರಿಗಿಂತ ಮೇಲೆ. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಲೀಟರಿಗೆ 8.26 ಮಿ.ಗ್ರಾಂ ಆಮ್ಲಜನಕ ಹಿಡಿದರೆ, ಇಲ್ಲಿ ಸುಮಾರು 7.4. ಒಂದು ವಾರದ ಅಂಕಿಗಳೆಲ್ಲ ಶೇಕಡಾ ಹತ್ತಕ್ಕಿಂತ ಹೆಚ್ಚೇ ಉಬ್ಬಿದ್ದವು. ಗೊತ್ತಾದದ್ದು ನೀರಿನ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ಪರೀಕ್ಷೆಯಿಂದ. 1888ರ ಆ ವಿಧಾನದಲ್ಲಿ ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು, ಗಂಜಿಯ ನೀಲಿ ಮಾಯವಾಗುವವರೆಗೆ ಕಾಯಬೇಕು. ಹಳೇ ಕಾಲದ್ದು, ಆದರೆ ಸುಳ್ಳು ಹೇಳುವುದಿಲ್ಲ.

ಲೆಕ್ಕ ಸುಲಭ. ಪಾಚಿ ಆಮ್ಲಜನಕ ಬಿಡದ ಹಾಗೆ ಕೊಳವೆಗೆ ಕಪ್ಪು ಬಟ್ಟೆ ಸುತ್ತಿದ್ದೆ. ಒಳಗೆ ಗುಳ್ಳೆಯೂ ಇರಕೂಡದು. ಹೂಳಿನ ಮೇಲೆ 12 ಸೆಂ.ಮೀ. ನೀರು, ಮೂರು ಗಂಟೆಯಲ್ಲಿ ಲೀಟರಿಗೆ 1.2 ಮಿ.ಗ್ರಾಂ ಇಳಿಯಿತು, ಅಂದರೆ ಗಂಟೆಗೆ 0.4. ಬರೀ ಕೆರೆನೀರು ತುಂಬಿದ್ದ ಪಕ್ಕದ ಕೊಳವೆಯಲ್ಲಿ ಗಂಟೆಗೆ 0.05, ಅದು ನೀರಿನದೇ ಖರ್ಚು, ಕಳೆಯಬೇಕು. ಉಳಿದದ್ದು 0.35. ಲೀಟರಿಗೆ ಮಿ.ಗ್ರಾಂ ಅಂದರೂ ಘನ ಮೀಟರಿಗೆ ಗ್ರಾಂ ಅಂದರೂ ಒಂದೇ. ಅದನ್ನು ನೀರಿನ ಎತ್ತರ 0.12 ಮೀಟರಿನಿಂದಲೂ 24 ಗಂಟೆಯಿಂದಲೂ ಗುಣಿಸಿದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 1 ಗ್ರಾಂ. ಸಮುದ್ರದವರ ಭಾಷೆಯಲ್ಲಿ 31 ಮಿಲಿಮೋಲ್ ಚಿಲ್ಲರೆ. ಎತ್ತರದಿಂದ ಗುಣಿಸುವುದನ್ನು ಮರೆತರೆ ಎರಡು ಕೊಳವೆಗಳನ್ನು ಹೋಲಿಸುವುದೇ ವ್ಯರ್ಥ.

ಡಬ್ಬ, ಕೊಳವೆ ಯಾವುದೂ ಬೇಡದ ದಾರಿಯೊಂದನ್ನು ಪೀಟರ್ ಬರ್ಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ತಳದಿಂದ ತುಸು ಮೇಲೆ, ಒಂದೇ ಬಿಂದುವಿನಲ್ಲಿ, ನೀರು ಮೇಲೆ ಕೆಳಗೆ ಚಲಿಸುವ ವೇಗವನ್ನೂ ಆಮ್ಲಜನಕವನ್ನೂ ಸೆಕೆಂಡಿಗೆ ಹಲವು ಸಲ ಅಳೆದು ತಾಳೆ ಹಾಕುವುದು. ಆಸೆಯೇನೋ ಇದೆ. ಆದರೆ ಅದಕ್ಕೆ ನೀರು ಹರಿದಾಡುತ್ತಿರಬೇಕು. ಏಪ್ರಿಲ್ ಮಧ್ಯಾಹ್ನ ನಮ್ಮ ಕೆರೆಯಲ್ಲಿ ತರಗೆಲೆಯೂ ಕದಲುವುದಿಲ್ಲ. ಸದ್ಯಕ್ಕೆ ಮೋಟಾರುಗಳಿಗೆ ಹಳೇ ಯುಪಿಎಸ್ ಬ್ಯಾಟರಿ ಕಟ್ಟಿಕೊಂಡಿದ್ದೇನೆ.