ಸಾಂಬನ ತಲೆಗೆ ಕಟ್ಟಿದ ತಪ್ಪು

ಅಪ್ಪಯ್ಯ ಕೂಡಿಟ್ಟ ತಾಳಮದ್ದಳೆ ಧ್ವನಿಮುದ್ರಣಗಳು, ಮನೆಯವರ ಫೋಟೋಗಳು, ಅಡಿಕೆಯ ಲೆಕ್ಕ ಎಲ್ಲವೂ ಇರುವುದು ನಮ್ಮ ಅಟ್ಟದ ಮೇಲಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ಕ್ಕೆ ಜೋಡಿಸಿದ 2 ಟಿಬಿ ಹಾರ್ಡ್‌ಡಿಸ್ಕಿನಲ್ಲಿ. ಅದನ್ನು ಲ್ಯಾಪ್‌ಟಾಪು, ಮೊಬೈಲುಗಳಿಗೆ ಹಂಚುವ ತಂತ್ರಾಂಶ ಸಾಂಬಾ. ಶಿರಸಿಯ ಒಳಹಳ್ಳಿಯಲ್ಲಿ ಮಳೆಗಾಲದ ಇಂಟರ್‌ನೆಟ್ ನಂಬಿ ಕೂರುವಂತಿಲ್ಲ. ಮನೆಯೊಳಗಿನ ಜಾಲವಾದರೂ ಹೇಳಿದ ಮಾತು ಕೇಳಲಿ ಎಂದು ಈ ಏರ್ಪಾಡು.

ಜೂನ್ ಮಳೆ ಹಿಡಿದ ಮೇಲೆ ಅದೂ ಕೇಳದಾಯಿತು. ಕೌರವನ ಪಾತ್ರದ ಅರ್ಥಧಾರಿ ಮಾತಿನ ನಡುವೆ ತಟಕ್ಕನೆ ಮೂಕನಾಗುತ್ತಿದ್ದ. ಕೆಲವೊಮ್ಮೆ ವಿಂಡೋಸ್ ಸರ್ವರೇ ಸಿಗುತ್ತಿಲ್ಲ ಎನ್ನುತ್ತಿತ್ತು. ‘ಸಾಂಬ ಎಂದು ಹೆಸರಿಟ್ಟುಕೊಂಡ ಮೇಲೆ ಇನ್ನೇನಾಗುತ್ತದೆ? ಒನಕೆ ಹೆತ್ತು ಯಾದವ ಕುಲವನ್ನೇ ಮುಳುಗಿಸಿದ ಕೃಷ್ಣನ ಮಗ ಅವನು’ ಎಂದು ಅಪ್ಪಯ್ಯ ನಕ್ಕ. ನಾನೂ ಸಾಂಬನನ್ನೇ ಹಿಡಿದುಕೊಂಡೆ. ಎರಡು ವಾರ ಅದರ ಸೆಟ್ಟಿಂಗ್ ಕಡತವನ್ನು ತಿದ್ದಿದ್ದೇ ತಿದ್ದಿದ್ದು. ಒಂದು ಸಾಲು ಬದಲಿಸಿದ ದಿನ ಎಲ್ಲ ಸರಿಯಿರುತ್ತಿತ್ತು, ಮರುದಿನ ಮತ್ತದೇ ಹಾಡು. ಸರಿಯಿದ್ದ ದಿನ ಮಳೆ ಹೊಳವಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಆಯಿ ಮೊಬೈಲು ಹಿಡಿದುಕೊಂಡು ಬಂದಳು. ‘ತಮಾ, ಫೋಟೋಗಳೆಲ್ಲ ಹೋದವೇ?’ ಫೋಲ್ಡರ್ ತೆರೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು.

ಆಗ ಸಾಂಬಾವನ್ನು ಬಿಟ್ಟು ಯಂತ್ರದೊಳಗೆ ಆದದ್ದನ್ನೆಲ್ಲ ಬರೆದಿಡುವ ಕರ್ನಲ್ ಲಾಗ್ ಓದಿದೆ. ವೋಲ್ಟೇಜ್ ಸಾಲದು ಎಂಬ ಎಚ್ಚರಿಕೆಯ ಬೆನ್ನಿಗೇ ಯುಎಸ್‌ಬಿ ಡಿಸ್ಕ್ ಕಳಚಿಕೊಂಡ ಸುದ್ದಿ, ಅದೂ ದಿನಕ್ಕೆ ಹತ್ತಾರು ಸಲ. ಮೇ ತಿಂಗಳ ಸಿಡಿಲಿಗೆ ಪೈನ ಅಡಾಪ್ಟರ್ ಸುಟ್ಟಿತ್ತು. ಸದ್ಯಕ್ಕಿರಲಿ ಎಂದು ಮನೆಯಲ್ಲಿದ್ದ 2 ಆಂಪಿಯರ್ ಮೊಬೈಲ್ ಚಾರ್ಜರ್ ಸಿಕ್ಕಿಸಿದವನು ನಾನೇ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಡಿಸ್ಕಿನ ಹೊರೆಯೂ ಅದೇ ಬಡ ಚಾರ್ಜರಿನ ಮೇಲೆ.

ಖಾಲಿ ಫೋಲ್ಡರಿನ ಗುಟ್ಟು ಇನ್ನೂ ಮುಜುಗರದ್ದು. ಡಿಸ್ಕ್ ಸಿಗದಿದ್ದರೂ ಪೈ ನಿಲ್ಲದೆ ಶುರುವಾಗಲಿ ಎಂದು ‘ನೋಫೇಲ್’ ಎಂಬ ಆಯ್ಕೆ ಹಾಕಿಟ್ಟಿದ್ದೆ. ಹಾಗಾಗಿ ಡಿಸ್ಕ್ ಕೂರಬೇಕಾದ ಬರಿಯ ಫೋಲ್ಡರನ್ನೇ ಸಾಂಬಾ ನಿಷ್ಠೆಯಿಂದ ಹಂಚುತ್ತಿತ್ತು. ನಾನು ಬ್ಯಾಕಪ್ ಎಂದು ಕಳಿಸಿದ 6 ಜಿಬಿ ಫೋಟೋಗಳು ಸದ್ದಿಲ್ಲದೆ ಮೆಮೊರಿ ಕಾರ್ಡಿನಲ್ಲಿ ಬಂದು ಬಿದ್ದಿದ್ದವು. ಅವನ್ನು ಡಿಸ್ಕಿಗೆ ಸಾಗಿಸಿ, ಆ ಬರಿಯ ಫೋಲ್ಡರಿಗೆ ಯಾರೂ ಏನೂ ಬರೆಯದಂತೆ ಬೀಗ ಹಾಕಿದೆ. ಡಿಸ್ಕ್ ಕೂತ ಮೇಲಷ್ಟೇ ಸಾಂಬಾ ಶುರುವಾಗುವಂತೆ ಮಾಡಿದೆ. ಖಾಲಿ ಕೋಣೆ ತೋರಿಸಿ ಹೆದರಿಸುವುದಕ್ಕಿಂತ ಬಾಗಿಲೇ ತೆರೆಯದಿರುವುದು ವಾಸಿ. ಹೊಸ ಅಡಾಪ್ಟರ್ ಬಂತು, ಡಿಸ್ಕಿಗೆ ಪ್ರತ್ಯೇಕ ಕರೆಂಟಿನ ಯುಎಸ್‌ಬಿ ಹಬ್ ಬಂತು.

ಗೆದ್ದೆ ಎಂದುಕೊಂಡೆ. ನಾಲ್ಕನೇ ದಿನ ಜಡಿಮಳೆಯಲ್ಲಿ ಕೌರವ ಮತ್ತೆ ಮೂಕನಾದ.

ಈ ಸಲ ಲಾಗ್ ನೋಡಿದರೆ ಡಿಸ್ಕ್ ಕುಳಿತಲ್ಲೇ ಇದೆ. ರೌಟರಿನಿಂದ ಪೈಗೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ) ಹಾಕಿದರೆ ಹತ್ತರಲ್ಲಿ ಮೂರು ವಾಪಸಾಗುತ್ತಿಲ್ಲ. ಹಿಂದೆ ಡಿಸ್ಕ್ ಕಳಚಿದಾಗ ಪಿಂಗ್ ಒಂದೂ ತಪ್ಪಿರಲಿಲ್ಲ. ಅಂದರೆ ಲಕ್ಷಣ ಒಂದೇ, ರೋಗ ಎರಡು. ಅವು ಸರದಿಯ ಮೇಲೆ ಕಾಡಿದ್ದವು. ಈಥ್‌ಟೂಲ್ ಎಂಬ ವೇಗ ತೋರಿಸುವ ಸಲಕರಣೆ ಹಾಕಿ ನೋಡಿದೆ: ಸೆಕೆಂಡಿಗೆ 1000 ಮೆಗಾಬಿಟ್ (ಒಂದು ಗಿಗಾಬಿಟ್) ಇರಬೇಕಾದ ಕೇಬಲಿನ ವೇಗ 100ಕ್ಕೆ ಇಳಿದಿತ್ತು. ಗಿಗಾಬಿಟ್‌ಗೆ ಒಳಗಿನ ಎಂಟೂ ಎಳೆಗಳು ಬೇಕು, 100ಕ್ಕೆ ನಾಲ್ಕು ಸಾಕು. ಎಲ್ಲೋ ಎಳೆ ಕೈಕೊಟ್ಟಿದೆ.

ಬ್ಯಾಟರಿ ಹಿಡಿದು ಜಗುಲಿಯಿಂದ ಅಟ್ಟದವರೆಗೆ ಕೇಬಲನ್ನು ಬೆರಳಲ್ಲಿ ಸವರುತ್ತ ಹೋದೆ. ಹಂಚಿನಡಿಯ ರೀಪಿನ ಪಕ್ಕ ಇಲಿ ಒಂದು ಗೇಣಿನಷ್ಟು ಸಿಪ್ಪೆ ಕೆರೆದಿತ್ತು. ನೀಲಿ ಎಳೆಯ ತಾಮ್ರ ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಪುಡಿಯಾಗುವಂತಿತ್ತು. ಒಡೆದ ಹಂಚಿನಿಂದ ತೊಟ್ಟಿಕ್ಕುವ ನೀರು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು.

ಹೊಸ ಕೇಬಲನ್ನು ಪಿವಿಸಿ ಪೈಪಿನೊಳಗೆ ಎಳೆದೆ, ಹಂಚು ಬದಲಿಸಿದೆ. ಶ್ರಾವಣ ಮುಗಿಯುವವರೆಗೂ ವೇಗ 1000ದಿಂದ ಇಳಿಯಲಿಲ್ಲ. ಸಾಂಬಾದ ಕಡತದಲ್ಲಿ ನಾನು ತುರುಕಿದ ಸಾಲುಗಳನ್ನೆಲ್ಲ ಅಳಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ. ಆ 2 ಆಂಪಿಯರ್ ಚಾರ್ಜರ್ ಈಗ ಆಯಿಯ ಮೊಬೈಲಿಗೆ ಸಿಕ್ಕಿದೆ. ಅಲ್ಲಿಂದ ಈವರೆಗೆ ದೂರು ಬಂದಿಲ್ಲ.